ಕಿವಿ ಬಾಸಿಂಗ

ಹುಳಿ ಬಂದ ಗಂಜಿಯ ವಾಸನೆ ಎಲ್ಲಿ ಮೂಗಿಗೆ ತಾಗಿದರೂ ಅಂಬವ್ವ ಒಂದು ಗಳಿಗೆ ಪುಟ್ಟ ಹುಡುಗಿಯಾಗಿಬಿಡುತ್ತಿದ್ದಳು. ಅವಳ ಬಾಲ್ಯದಲ್ಲಿ ಬನಹಟ್ಟಿಯ ಆ ಓಣಿಯ ಉದ್ದಕ್ಕೂ ಎಳೆಬಿಸಿಲಿಗೆ ಮಗ್ಗಕ್ಕೆ ಏರಿಸುವ ಉದ್ದೆಳೆ ನೂಲಿನ ಹಾಸು ಬಿಗಿದು, ಎರಡೂ ಬದಿ ಜನ ನಿಂತು ಕುಂಚದಿಂದ ಗಂಜಿ ಸವರುತ್ತಿದ್ದರು. ಅಜ್ಜಿ ಕೈ ಆಡಿಸುತ್ತಲೇ ಕಥೆ ಹೇಳುವಳು. ಹಾಸಿನ ಆಚೆ ಬದಿಯವರು ನಡುನಡುವೆ "ಹೂಂ" ಎನ್ನಬೇಕು. ಯಾರೂ ಹೂಂಗುಡದಿದ್ದರೆ ಅಜ್ಜಿ ರಾಜಕುಮಾರನನ್ನು ಕಾಡಿನ ನಡುವೆಯೇ ನಿಲ್ಲಿಸಿ ಸುಮ್ಮನಾಗಿಬಿಡುತ್ತಿದ್ದಳು.

"ಹೂಂ ಅನ್ನೋರಿಲ್ಲದ ಕಥಿ ಅಂದ್ರ ಅಡ್ಡ ಹೊಕ್ಕಿಲ್ಲದ ಹಾಸು ಇದ್ದಂಗ. ಎಷ್ಟ ಉದ್ದ ಇದ್ರೂ ಅರಿವಿ ಆಗೂದಿಲ್ಲ," ಎನ್ನುತ್ತಿದ್ದಳು.

ಅಂಬವ್ವ ಮದುವೆಯಾಗಿ ಅದೇ ಓಣಿಯ ಇನ್ನೊಂದು ತುದಿಗೆ ಬರುವ ಹೊತ್ತಿಗೆ ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬಂದಿತ್ತು. ಗಂಡ ದುಂಡಪ್ಪನ ಮನೆಯ ಪಡಸಾಲೆಯಲ್ಲಿ ನಾಲ್ಕು ಮಗ್ಗ. ಗುಂಡಿ ಒತ್ತಿದರೆ ಸಾಕು, ಲಾಳಿಗಳು ಆ ಕಡೆಯಿಂದ ಈ ಕಡೆಗೆ ಬಡಿದುಕೊಂಡು ಓಡುವ ಅಬ್ಬರಕ್ಕೆ ಗೋಡೆಯ ದೇವರ ಪಟಗಳು ತಾಳ ಹಾಕುತ್ತಿದ್ದವು. ಅಲ್ಲಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಓಣಿಯ ಹೆಂಗಸರೆಲ್ಲ ದನಿಯಿಲ್ಲದೆ ತುಟಿಯಲ್ಲೇ ಮಾತಾಡುವುದನ್ನು ಕಲಿತಿದ್ದರು, ತುಟಿ ನೋಡಿಯೇ ಮಾತು ತಿಳಿಯುವುದನ್ನೂ ಕಲಿತಿದ್ದರು. ಓಣಿಯ ಆ ತುದಿಯಲ್ಲಿ ಯಾವ ಅತ್ತೆ ಯಾವ ಸೊಸೆಗೆ ಏನೆಂದಳು ಎಂಬುದನ್ನು ಅಂಬವ್ವ ಈ ತುದಿಯಲ್ಲಿ ನಿಂತೇ ಹೇಳುತ್ತಿದ್ದಳು.

ದುಂಡಪ್ಪನದು ಹಿತ್ತಲಿನಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ. ಅದು ಮುಗಿದ ಮೇಲೆ ಹೆಂಡತಿಯ ಮಗ್ಗದ ಪಕ್ಕ ಬಂದು ಕುಳಿತು, ಲಾಳಿಯೊಳಗೆ ಇಡುವ ಕಂಡಿಕಿಗೆ ನೂಲು ಸುತ್ತಿಕೊಡುತ್ತಿದ್ದ. ಅಂಬವ್ವ ತುಟಿಯಲ್ಲೇ ಊರ ಸುದ್ದಿ, ತವರ ಸುದ್ದಿ, ಅಜ್ಜಿಯ ಕಥೆ ಎಲ್ಲ ಹೇಳುವಳು. ಅವನು ಬಾಯಿ ಮುಚ್ಚಿಕೊಂಡು, ಓರೆಗಣ್ಣಲ್ಲಿ ಅವಳ ತುಟಿ ನೋಡುತ್ತ ನೂಲು ಸುತ್ತುವನು.

"ಹೂಂ ಇಲ್ಲ, ಹಾಂ ಇಲ್ಲ. ನಮ್ಮಪ್ಪ ನನ್ನ ಗ್ವಾಡಿಗೆ ಲಗ್ನ ಮಾಡಿಕೊಟ್ಟಾನ," ಎಂದು ಅಂಬವ್ವ ಪಕ್ಕದ ಮನೆಯ ಸುಂದ್ರವ್ವನ ಮುಂದೆ ಹೇಳಿಕೊಳ್ಳುತ್ತಿದ್ದಳು.

"ಗ್ವಾಡಿ ಆದ್ರ ಛಲೋನ ಅಲ್ಲೇನ ಯವ್ವಾ! ನಮ್ಮನ್ಯಾಗ ಐತಿ ಒಂದು ಡೊಳ್ಳು. ಹೊಡೀದಿದ್ರೂ ಬಡ್ಕೋತೈತಿ," ಎಂದು ಸುಂದ್ರವ್ವ ನಗುವಳು.

ಮೊಣಕಾಲು ಸೋತ ಮೇಲೆ ಅಂಬವ್ವ ಮಗ್ಗಗಳನ್ನು ಮಾರಿದಳು. ಇನ್ನು ಮನೆ ತಣ್ಣಗಿರುತ್ತದೆ, ಗಂಡನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬಹುದು ಎಂದುಕೊಂಡಿದ್ದಳು. ಮಗ್ಗಗಳು ಲಾರಿ ಹತ್ತಿ ಹೋದವು. ಸದ್ದು ಮಾತ್ರ ಹೋಗಲಿಲ್ಲ. ಕಿವಿಯೊಳಗೆ ಮೇಲೊಂದು ಕೀರಲು ಸಿಳ್ಳೆ, ಅದರ ಕೆಳಗೊಂದು ಗೊರಗೊರ. ಊಟಕ್ಕೆ ಕುಳಿತರೂ ಅದೇ, ದೇವರ ಮುಂದೆ ಕುಳಿತರೂ ಅದೇ. ಹತ್ತಿರ ನಿಂತು ಗಟ್ಟಿಯಾಗಿ ಆಡಿದ ಮಾತು ತಿಳಿಯುತ್ತಿತ್ತು. ಮೆಲುದನಿಯದೆಲ್ಲ ಆ ಗೊರಗೊರದಲ್ಲಿ ಮುಳುಗಿಹೋಗುತ್ತಿತ್ತು. ದುಂಡಪ್ಪನೋ ಹುಟ್ಟಾ ಮೆಲುದನಿಯವನು. ಅವನು ನೆರೆಮನೆಗಳ ಕಂಡಿಕಿ ಸುತ್ತುತ್ತ ಅದೇ ಮೂಲೆಯಲ್ಲಿ ಕೂರುವನು, ಅವಳು ಎದುರಿಗೆ ಕೂರುವಳು. ಹೇಳುವುದನ್ನು ಅವಳು ಬರಬರುತ್ತ ಕಡಿಮೆ ಮಾಡಿದಳು. ಕೊನೆಗೆ ಒಂದು ದಿನ ಕಥೆ ಹೇಳುವುದನ್ನು ಪೂರ್ತಿ ಬಿಟ್ಟೇಬಿಟ್ಟಳು.

ಅದಾಗಿ ಎಷ್ಟೋ ವರ್ಷಗಳ ಮೇಲೆ ನೇಕಾರರ ಸಂಘದ ಅಂಗಳಕ್ಕೆ ಕಿವಿ ಚಿಕಿತ್ಸೆಯ ಬಸ್ಸೊಂದು ಬಂತು.

ಹೊರಗಿನಿಂದ ನೋಡಿದರೆ ಅದು ಮದುವೆ ದಿಬ್ಬಣದ ಬಸ್ಸಿನ ಹಾಗೇ ಇತ್ತು. ಒಳಗೆ ಗಾಜಿನ ಕೋಣೆ, ಅದರ ಗೋಡೆಗೆಲ್ಲ ಮೆತ್ತನೆಯ ಹೊದಿಕೆ, ಹೊರಗಡೆ ಒಂದು ಮೇಜು, ಪರದೆ. ಮೇಜಿನ ಹಿಂದೆ ಚಾಮರಾಜನಗರದ ಕಡೆಯ ಹುಡುಗಿ, ಮೇದಿನಿ. ಕಿವಿಯ ಡಾಕ್ಟರು. ಬಂದವರು ಕೂರುವ ಮೊದಲೇ ಅವರ ಬೆನ್ನಿಗೊಂದು ದಿಂಬು ಇಡುವ ಅಭ್ಯಾಸ ಅವಳಿಗಿತ್ತು. ಅಂಬವ್ವನಿಗೆ ಅವಳು ಹಿಡಿಸಿದ್ದು ಮೊದಲು ಆ ದಿಂಬಿನಿಂದಲೇ.

"ನಿಮ್ಮ ಕಿವಿಯೊಳಗೆ ಸಣ್ಣ ಸಣ್ಣ ಕೂದಲಿನಂಥವು ಇರ್ತವೆ ಅಮ್ಮ. ಒಂದೊಂದೂ ಒಂದೊಂದು ಸ್ವರ ಹಿಡಿಯೋದು. ಮಗ್ಗದ ಸದ್ದಿಗೆ ಅದರಲ್ಲಿ ಒಂದಷ್ಟು ಸತ್ತೋಗಿವೆ. ಆದ್ರೆ ಮಿದುಳಿಗೆ ಅದು ಗೊತ್ತಿಲ್ಲ. ಆ ಸ್ವರ ಯಾಕೆ ಬರ್ತಾ ಇಲ್ಲ ಅಂತ ಅದು ತಾನೇ ಬಾರಿಸ್ಕೊಳ್ತಾ ಕೂತಿದೆ."

"ಕೂಸು ಎದ್ದು ಆಡಾಕ ಹ್ವಾದ ಮ್ಯಾಲೂ ತೊಟ್ಟಿಲಾ ತೂಗ್ಕೋಂತ ಕುಂತಂಗ," ಎಂದಳು ಅಂಬವ್ವ.

ಮೇದಿನಿ ನಕ್ಕು ಮೇಜಿನ ಮೇಲಿನ ಪಟ್ಟಿಯೊಂದನ್ನು ಎತ್ತಿ ತೋರಿಸಿದಳು. "ಹಂಗೇ! ನೋಡಿ, ಈ ಪಟ್ಟಿ ಹಣೆಗೆ ಕಟ್ಕೊಂಡ್ರೆ ಕಿವಿಯ ಹಿಂದಿನ ನರಕ್ಕೆ ಸಣ್ಣದಾಗಿ ತಟ್ಟುತ್ತೆ, ಅದೇ ಹೊತ್ತಿಗೆ ಕಿವಿಗೊಂದು ಸ್ವರ ಕೊಡುತ್ತೆ. ಕೂಸು ಎದ್ದು ಹೋಯ್ತು, ಕೈ ಬಿಡು ಅಂತ ಮಿದುಳಿಗೆ ಹೇಳುತ್ತೆ. ಸತ್ತ ಕೂದಲು ಮತ್ತೆ ಬರಲ್ಲ ಅಮ್ಮ, ಅದು ಸುಳ್ಳು ಹೇಳಲ್ಲ ನಾನು. ಆದ್ರೆ ಈ ಗೊರಗೊರ ಹೋಗುತ್ತೆ. ಅದು ಹೋದ್ಮೇಲೆ ಮೊದಲು ಏನು ಕೇಳ್ಬೇಕು ಅಂತ ಆಸೆ ನಿಮಗೆ?"

ಅಂಬವ್ವ ಹಿಂದೆ ಮುಂದೆ ನೋಡಲಿಲ್ಲ. "ನಮ್ಮ ಮನಿಯವರು ಒಂದ ಸಲ ಹೂಂ ಅಂದದ್ದು ಕೇಳಬೇಕವ್ವಾ. ಆದ್ರ ಅದಕ್ಕ ನಿಮ್ಮ ಮಶೀನು ಏನ ಮಾಡೀತು? ಅವರು ಅನ್ನೂದ ಇಲ್ಲ."

ಪಟ್ಟಿಗೆ ಸ್ವರ ಹೊಂದಿಸುವ ಮುನ್ನ ಪರೀಕ್ಷೆಯಾಗಬೇಕಿತ್ತು. ಗಾಜಿನ ಕೋಣೆಯ ಬಾಗಿಲು ಮುಚ್ಚಿದಾಗ ಹೊರಗಿನ ಲೋಕವೆಲ್ಲ ಸತ್ತು, ಕಿವಿಯೊಳಗಿನ ಮಗ್ಗವೊಂದೇ ಸಾವ್ಕಾರನ ಹಾಗೆ ಮೆರೆಯತೊಡಗಿತು. ಮೇದಿನಿ ಗಾಜಿನ ಆಚೆಯಿಂದ, "ಸಣ್ಣ ಸಣ್ಣ ಸದ್ದು ಬರುತ್ತೆ. ಗೊತ್ತಾದ ತಕ್ಷಣ ಕೈ ಎತ್ತಿ, ಆಯ್ತಾ?" ಎಂದಳು.

"ಅದೇನ ದೊಡ್ಡದು? ಜಲ್ಮೆಲ್ಲಾ ಅದನ್ನ ಮಾಡೇನಿ," ಎಂದಳು ಅಂಬವ್ವ.

ದನಿ ಬಂತು, ಹೋಯಿತು. ಅಂಬವ್ವ ಕೈ ಎತ್ತಿದಳು. ಮತ್ತೊಂದು ಬಂತು, ಹೋಯಿತು. ಮತ್ತೆ ಎತ್ತಿದಳು. ಪಾಠ ಒಪ್ಪಿಸಿದ ಖುಷಿಯಲ್ಲಿ ಹೊರಗೆ ಬಂದಳು.

ಪಟ್ಟಿಯ ಮೇಲೆ ಶ್ರುತಿಹರ ಎಂದು ಅಚ್ಚಾಗಿತ್ತು. ಆ ಹೆಸರಿನಿಂದ ಅದನ್ನು ಯಾರೂ ಕರೆಯಲಿಲ್ಲ. ಹಣೆಗೆ ಅಡ್ಡಲಾಗಿ ಕಟ್ಟಿ, ಎರಡೂ ಕಡೆ ಮುತ್ತಿನಂಥ ಗುಂಡಿಗಳು ಇಳಿಬಿದ್ದಾಗ ಅದು ಮದುಮಕ್ಕಳ ಬಾಸಿಂಗದಂತೆಯೇ ಕಾಣುತ್ತಿದ್ದರಿಂದ ಎರಡೇ ದಿನದಲ್ಲಿ ಅದು ಕಿವಿ ಬಾಸಿಂಗವಾಯಿತು. ಮಧ್ಯಾಹ್ನದ ಹೊತ್ತು ಓಣಿಯ ಮುದುಕಿಯರೆಲ್ಲ ಅದನ್ನು ಕಟ್ಟಿಕೊಂಡು ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಆ ಹೊತ್ತಿಗೆ ಸದ್ದಿರಬಾರದು ಎಂದು ತಿಳಿದ ಓಣಿಯವರು, ಯಾರೂ ಹೇಳದೆಯೇ, ತಮ್ಮ ತಮ್ಮ ಮಗ್ಗಗಳಿಗೆ ಅಷ್ಟು ಹೊತ್ತು ವಿರಾಮ ಕೊಟ್ಟರು.

"ಎಲ್ಲಾರೂ ಮದುಮಗಳೇ ಆದ್ರಿ. ವರ ಎಲ್ಲ್ಯವ್ವಾ?" ಎಂದು ಸುಂದ್ರವ್ವ ಕಾಡುವಳು. ಅವಳ ಹಣೆಗೂ ಬಾಸಿಂಗವಿತ್ತು.

"ವರನ ಕರ್ಕೊಂಡು ಏನ ಮಾಡ್ತಿ? ನನ್ನ ವರ ಒಳಗ ಕುಂತಾನ. ಅರ್ಧಾ ಬೆಲಿಗೆ ಕೊಡ್ತೀನಿ, ಒಯ್ಯಿ," ಎನ್ನುವಳು ಅಂಬವ್ವ.

ನಗೆಗೇನೂ ಕೊರತೆಯಿರಲಿಲ್ಲ, ಗುಣವೊಂದೇ ಕಾಣಲಿಲ್ಲ. ಬೇರೆ ಊರುಗಳಲ್ಲಿ ಅಕ್ಕಿ ಗಿರಣಿಯವರಿಗೆ, ಟ್ರ್ಯಾಕ್ಟರ್ ಓಡಿಸುವವರಿಗೆ ಇದೇ ಪಟ್ಟಿಯಿಂದ ಕಿವಿ ತಣ್ಣಗಾಗಿತ್ತು. ಬನಹಟ್ಟಿಯ ಓಣಿಯಲ್ಲಿ ಮಾತ್ರ ಒಬ್ಬರಿಗೂ ಕೂದಲೆಳೆಯಷ್ಟು ವ್ಯತ್ಯಾಸವಾಗಲಿಲ್ಲ. ಬಸ್ಸಿನ ಪರದೆಯಲ್ಲಿ ಕಾಣಿಸಿಕೊಂಡ ಹಿರಿಯ ವಿಜ್ಞಾನಿ, "ನೇಕಾರರ ಕಿವಿ ಈ ಚಿಕಿತ್ಸೆಗೆ ಸ್ಪಂದಿಸೋದಿಲ್ಲ ಅಂತ ಕಾಣುತ್ತೆ ಮೇದಿನಿ. ಬಸ್ಸು ಮುಂದಿನ ಊರಿಗೆ ಹೊರಡಲಿ," ಎಂದರು.

ಹೇಳದೆ ಹೋಗುವುದು ಮೇದಿನಿಯ ಮನಸ್ಸಿಗೆ ಬರಲಿಲ್ಲ. ಮರುದಿನ ಬೆಳಗ್ಗೆ ಓಣಿಗೆ ಬಂದಳು. ಅಂಬವ್ವನ ಮನೆಗೆ ಹೋಗಬೇಕಾದರೆ ಸುಂದ್ರವ್ವನ ಮಗ್ಗದ ಕೋಣೆ ದಾಟಬೇಕು. ಬಾಗಿಲಲ್ಲೇ ಸದ್ದು ಅವಳನ್ನು ಹಿಂದಕ್ಕೆ ನೂಕಿತು. ಎರಡೂ ಕಿವಿ ಮುಚ್ಚಿಕೊಂಡು ನಿಂತಳು. ಅಷ್ಟರಲ್ಲಿ ಮೂಲೆಯ ಮಗ್ಗವೊಂದರಲ್ಲಿ ಎಳೆ ಹರಿದು ಅದು ಗಕ್ಕನೆ ನಿಂತಿತು. ಅಷ್ಟು ಗದ್ದಲದ ನಡುವೆ ಒಂದು ಮಗ್ಗ ನಿಂತದ್ದು ಮೇದಿನಿಗೆ ತಿಳಿಯಲೂ ಇಲ್ಲ. ಆದರೆ ಬೆನ್ನು ತಿರುಗಿಸಿ ನಿಂತಿದ್ದ ಸುಂದ್ರವ್ವನ ಕೈ ತಾನೇ ತಾನಾಗಿ ಮೇಲೆದ್ದಿತು. ಆ ಕೈ ಕಂಡು ಮಗ್ಗ ರಿಪೇರಿ ಮಾಡುವವನು ಓಡಿ ಬಂದ.

ಮೇದಿನಿ ಕಿವಿಗೆ ಒತ್ತಿಕೊಂಡಿದ್ದ ಕೈಗಳನ್ನು ಕೆಳಗಿಳಿಸಿದಳು.

ಒಂದೇ ಉಸಿರಿಗೆ ಅಂಬವ್ವನ ಮನೆಯೊಳಗೆ ನುಗ್ಗಿ, "ಅಮ್ಮಾ, ಆವತ್ತು ಬಸ್ಸಲ್ಲಿ ನೀವು ಕೈ ಎತ್ತಿದ್ದು ಸದ್ದು ಬಂದಾಗ್ಲಾ, ನಿಂತಾಗ್ಲಾ?" ಎಂದು ಕೇಳಿದಳು.

"ನಿಂತಾಗ."

"ಬಂದಾಗ ಯಾಕೆ ಎತ್ತಲಿಲ್ಲ?"

ಅಂಬವ್ವನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. "ಬಂದಾಗ ಯಾಕ ಎತ್ತಬೇಕ ತಂಗಿ? ನಡದದ್ದು ಛಲೋನ ಅಲ್ಲ? ನಿಂತ್ರ ಗೊತ್ತಾಗ್ತೈತಿ, ಎತ್ತತೀವಿ. ನೀನ ಅಂದಿಯಲ್ಲ, ಗೊತ್ತಾದ ಕೂಡ್ಲೆ ಎತ್ತು ಅಂತ."

ಮೇದಿನಿ ನಗುತ್ತ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಇಡೀ ಓಣಿಯೇ ಹಾಗೆ ಮಾಡಿತ್ತು. ದನಿ ಕೇಳಿಸಿದ ಗಳಿಗೆ ಎಂದು ಯಂತ್ರ ಹಿಡಿದದ್ದೆಲ್ಲ ದನಿ ಮುಗಿದ ಗಳಿಗೆ. ಅದರಂತೆ ಹೊಂದಿಸಿದ ತಟ್ಟು ಪ್ರತಿ ಸಲವೂ ತಡವಾಗಿ ಬೀಳುತ್ತಿತ್ತು, ಮಿದುಳಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ಅವಳು ಇದನ್ನು ಹೇಳಿದಾಗ ಪರದೆಯ ಮೇಲಿನ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ತಪ್ಪು ಅವರದಲ್ಲ, ನಮ್ಮ ಪ್ರಶ್ನೇದು," ಎಂದು ನಕ್ಕು, ಬಸ್ಸನ್ನು ಅಲ್ಲೇ ಉಳಿಸಿಕೊಳ್ಳಲು ಒಪ್ಪಿದರು.

ಮತ್ತೆ ಪರೀಕ್ಷೆಯಾಯಿತು. ಈ ಸಲ ಕೈ ಎತ್ತುವುದು ಬೇಡವೆಂದು, ದನಿ ಇರುವಷ್ಟು ಹೊತ್ತೂ ಒತ್ತಿ ಹಿಡಿಯಲು ಪ್ರತಿಯೊಬ್ಬರಿಗೂ ಒಂದು ಗುಂಡಿ ಕೊಟ್ಟಳು. ಬಾಸಿಂಗಗಳಿಗೆ ಹೊಸ ಲೆಕ್ಕ ತುಂಬಿದಳು. ಕಟ್ಟೆಯ ಮೇಲೆ ಮದುಮಕ್ಕಳ ಸಾಲು ಮತ್ತೆ ಕುಳಿತಿತು.

ಮೊದಲು ಸಿಳ್ಳೆ ತೆಳ್ಳಗಾಯಿತು. ಆಮೇಲೆ ಗೊರಗೊರ, ಕೆರೆಯ ನೀರು ಇಂಗಿದ ಹಾಗೆ, ದಿನಕ್ಕಿಷ್ಟು ಕೆಳಗಿಳಿಯಿತು. ಒಂದು ದಿನ ಓಣಿಯ ಮಗ್ಗಗಳು ನಿಂತಿದ್ದ ಹೊತ್ತಿನಲ್ಲಿ ಅಂಬವ್ವ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಯಾರೋ ತನ್ನ ಹತ್ತಿರವೇ ಏನೋ ಕೆರೆಯುತ್ತಿದ್ದಾರೆ ಎನಿಸಿತು. ಸುತ್ತ ನೋಡಿದರೆ ಯಾರೂ ಇಲ್ಲ. ಅದು ಮೊರದ ಮೇಲೆ ಓಡಾಡುತ್ತಿದ್ದ ಅವಳದೇ ಬೆರಳು. ಮೊರಕ್ಕೂ ಒಂದು ಸದ್ದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಅವಳು ಮೊರವನ್ನು ಒಂದಷ್ಟು ಹೊತ್ತು ಸುಮ್ಮಸುಮ್ಮನೆ ಕೆರೆದಳು. ಆಮೇಲೆ ಒಲೆಯ ಮೇಲಿನ ಚಹಾ ಕುದಿಯುವುದನ್ನು ಕೇಳಿದಳು. ಸೀರೆಯ ಸೆರಗನ್ನು ಕೊಡವಿ ನೋಡಿದಳು, ಅದಕ್ಕೂ ಸದ್ದಿತ್ತು. ಖುಷಿ ತಡೆಯಲಾಗದೆ ಮೂಲೆಯಲ್ಲಿ ಕಂಡಿಕಿ ಸುತ್ತುತ್ತಿದ್ದ ಗಂಡನಿಗೆ ಎಲ್ಲವನ್ನೂ ಹೇಳಹೊರಟಳು.

"ಏನ್ರೀ, ಮೊರ ಮಾತಾಡ್ತೈತ್ರಿ!"

ಆಗ ಕೇಳಿಸಿತು. ದಪ್ಪನೆಯ, ಮೆತ್ತನೆಯ, ತುಂಡು ಸದ್ದು. ತಟ್ಟನೆ ಬಂದು ಹೋಯಿತು.

ಅಂಬವ್ವ ಕಿವಿ ತಿಕ್ಕಿಕೊಂಡಳು. "ಚಹಾ ಕುದಿಯೂದು ಮಳಿ ಬಂದಂಗ ಕೇಳ್ತೈತಿ," ಎಂದಳು. ಮಾತು ನಿಂತದ್ದೇ ತಡ, ಮತ್ತೆ ಆ ಸದ್ದು.

ಅವಳು ಮೊರವನ್ನು ಕೆಳಗಿಟ್ಟಳು. ಹಳೆಯದು ಹೋಗಿ ಹೊಸದು ಬಂದು ಕೂತಿತೇ? ಅದೂ ಎಂಥದು! ತಾನು ಮಾತಾಡಿ ನಿಲ್ಲಿಸಿದಾಗಲೆಲ್ಲ ಬರುತ್ತದೆ, ಸುಮ್ಮನಿದ್ದರೆ ಬರುವುದಿಲ್ಲ. ಗಂಡನ ಕಡೆ ನೋಡಿದಳು. ಎಂದಿನಂತೆ ತುಟಿ ಬಿಗಿಹಿಡಿದು ನೂಲು ಸುತ್ತುತ್ತಿದ್ದ.

"ಬಾಸಿಂಗದ್ದ ಏನರ ಅಡ್ಡ ಪರಿಣಾಮ ಇದ್ರ ಎಲ್ಲಾರ್ದೂ ನಿಲ್ಲಸ್ತಾರ," ಎಂದು ಸುಂದ್ರವ್ವ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಓಣಿಯ ಕಟ್ಟೆಯ ಮೇಲಿನ ಆ ನಗೆಮೊಗಗಳೆಲ್ಲ ಕಣ್ಣ ಮುಂದೆ ಬಂದವು. ಹೇಳದೆ ಮುಚ್ಚಿಟ್ಟುಕೊಳ್ಳೋಣ ಎನಿಸಿತು. ಆದರೆ ಬೆನ್ನಿಗೆ ದಿಂಬು ಇಟ್ಟ ಹುಡುಗಿಗೆ ಸುಳ್ಳು ಹೇಳುವುದು ಹೇಗೆ? ಬಸ್ಸಿಗೆ ಹೋಗಿ ಎಲ್ಲವನ್ನೂ ಹೇಳಿದಳು.

ಮೇದಿನಿಯ ಮುಖ ಚಿಕ್ಕದಾಯಿತು. ಹೊಸ ಸದ್ದು ಹುಟ್ಟುತ್ತಿದೆಯೆಂದರೆ ಪ್ರಯೋಗವನ್ನು ತಡೆಯಲೇಬೇಕು. ಅಂಬವ್ವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, "ಏನಾದ್ರೂ ಮಾತಾಡಿ ಅಮ್ಮ, ನಿಲ್ಲಿಸಿ ನಿಲ್ಲಿಸಿ ಮಾತಾಡಿ," ಎಂದಳು.

ಅಂಬವ್ವ ತವರಿನ ಹೆಸರು ಹೇಳಿ ನಿಲ್ಲಿಸಿದಳು. ಸದ್ದಿಲ್ಲ. ಮೊಮ್ಮಕ್ಕಳ ಹೆಸರು ಹೇಳಿ ನಿಲ್ಲಿಸಿದಳು. ಇಲ್ಲ. ಸುಂದ್ರವ್ವನನ್ನು ಒಂದಷ್ಟು ಬೈದು ನಿಲ್ಲಿಸಿದಳು. ಊಹೂಂ.

"ಇಲ್ಲಿ ಬರವಲ್ದು. ಮನ್ಯಾಗಷ್ಟ ಬರ್ತೈತಿ."

"ಮನೇಲಿ ಮಾತ್ರ ಬರೋ ಕಿವಿ ಸದ್ದು ನಾನು ಎಲ್ಲೂ ಓದಿಲ್ಲ ಅಮ್ಮ," ಎಂದು ಮೇದಿನಿ ಮೈಕು, ದನಿಮುದ್ರಣದ ಡಬ್ಬಿ, ಕಿವಿಗೆ ಹಾಕುವ ಹೆಡ್‌ಫೋನು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟಳು.

ಪಡಸಾಲೆಯಲ್ಲಿ ದುಂಡಪ್ಪ ಎಂದಿನ ಮೂಲೆಯಲ್ಲಿದ್ದ. ಡಾಕ್ಟರು ಬಂದದ್ದು ಕಂಡು ಎದ್ದು ನಿಂತು ಕೈಮುಗಿದು, ಅವಳಿಗೊಂದು ಚಾಪೆ ಹಾಸಿ ಮತ್ತೆ ಹೋಗಿ ಕುಳಿತ. ಮೇದಿನಿ ಸುಂದ್ರವ್ವನಿಗೆ ಹೇಳಿ ಪಕ್ಕದ ಮಗ್ಗಗಳನ್ನು ನಿಲ್ಲಿಸಿ ಬಂದಿದ್ದಳು. ಹೆಡ್‌ಫೋನು ಹಾಕಿಕೊಂಡು, ಮೈಕನ್ನು ನಡುವೆ ಇಟ್ಟಳು. "ಕಿವಿಯೊಳಗಿನ ಸದ್ದು ಮೈಕಿಗೆ ಸಿಗಲ್ಲ. ಮನೇಲಿ ಬೇರೆ ಏನಾದ್ರೂ ಕಾರಣ ಇದ್ರೆ ಮಾತ್ರ ಸಿಗುತ್ತೆ. ಶುರು ಮಾಡಿ ಅಮ್ಮ. ಯಾವುದಾದ್ರೂ ಕಥೆ ಹೇಳಿ."

ಕಥೆ ಹೇಳಿ ಅದೆಷ್ಟು ವರ್ಷವಾಗಿತ್ತೋ. ಅಂಬವ್ವ ಗಂಟಲು ಸರಿಮಾಡಿಕೊಂಡಳು.

"ಒಂದ ಊರಾಗ ಒಬ್ಬಾಕಿ ಮುದುಕಿ ಇದ್ಲು."

ಅಂಬವ್ವನ ಕಣ್ಣರಳಿತು. "ಬಂತು!" ಎಂದು ಕಿವಿ ಮುಟ್ಟಿ ತೋರಿಸಿದಳು.

ಮೇದಿನಿಯ ಕಣ್ಣೂ ಅರಳಿತ್ತು. ಸದ್ದು ಅವಳ ಹೆಡ್‌ಫೋನಿನಲ್ಲೂ ಬಂದಿತ್ತು.

"ಮುಂದೆ ಹೇಳಿ," ಎಂದಳು ಪಿಸುದನಿಯಲ್ಲಿ.

"ಆ ಮುದುಕಿಗೆ ಏಳು ಮಂದಿ ಸೊಸ್ತೇರಿದ್ರು."

ಮೇದಿನಿ ಮೈಕನ್ನು ಎತ್ತಿಕೊಂಡು ಬಾಗಿಲ ಕಡೆ ತಿರುಗಿಸಿದಳು, ಒಲೆಯ ಕಡೆ ತಿರುಗಿಸಿದಳು. "ಏಳೂ ಮಂದಿ ವಾಚಾಳಿ," ಎಂದಳು ಅಂಬವ್ವ. ಮೈಕು ಮೆಲ್ಲಗೆ ಮೂಲೆಯತ್ತ ತಿರುಗಿತು. "ಅದರಾಗ ಸಣ್ಣಾಕಿ ಭಾಳ ಶ್ಯಾಣ್ಯಾಕಿ."

ಮೇದಿನಿ ಮೊಣಕಾಲ ಮೇಲೆ ತೆವಳಿಕೊಂಡು ಹೋಗಿ, ನೂಲು ಸುತ್ತುತ್ತಿದ್ದ ದುಂಡಪ್ಪನ ಮುಚ್ಚಿದ ಬಾಯಿಯ ಮುಂದೆ ಮೈಕು ಹಿಡಿದಳು. ಅವನು ಕಕ್ಕಾಬಿಕ್ಕಿಯಾಗಿ ಅವಳನ್ನೂ ಮೈಕನ್ನೂ ನೋಡಿದ.

"ಮುಂದೆ ಹೇಳಿ ಅಮ್ಮ."

"ಸಣ್ಣ ಸೊಸಿ ಒಂದ ದಿನ ನೀರಿಗೆ ಹ್ವಾದ್ಲು."

ದುಂಡಪ್ಪನ ಗಂಟಲ ಗೆಣ್ಣು ಒಮ್ಮೆ ಅಲುಗಿತು. ತುಟಿ ಮಾತ್ರ ಬಿರಿಯಲಿಲ್ಲ. ಮೇದಿನಿ ಡಬ್ಬಿಯ ದನಿಯನ್ನು ದೊಡ್ಡದು ಮಾಡಿದ್ದಳು. ಇಡೀ ಪಡಸಾಲೆಗೆ ಕೇಳುವಂತೆ ಅದು ಹೇಳಿತು:

"ಹೂಂ."

ಅಂಬವ್ವ ಗಂಡನ ಕಡೆ ಬೆರಳು ಮಾಡಿದಳು.

"ಅದು... ಅವರದ?"

"ಅಜ್ಜಾರೇ, ನೀವು ಯಾವಾಗಿನಿಂದ ಹೂಂ ಅಂತಾ ಇದೀರ?" ಎಂದು ಕೇಳಿದಳು ಮೇದಿನಿ.

ದುಂಡಪ್ಪನಿಗೆ ತಾನೇನು ಅಪರಾಧ ಮಾಡಿದೆನೆಂದು ತಿಳಿಯಲಿಲ್ಲ. "ಮೊದಲಿಂದ್ಲೂ ಅಂತೀನ್ರಿ. ಹೇಳೋರು ಹೇಳಿದ ಮ್ಯಾಲ ಹೂಂ ಅನ್ನಬಾರದೇನ್ರಿ?"

"ಮಗ್ಗದ ಮುಂದೂ?" ಎಂದಳು ಅಂಬವ್ವ.

"ಮತ್ತ?"

"ಒಂದ ಸಲಾನೂ ನಿಮ್ಮ ತುಟಿ ಎರಡಾಗಲಿಲ್ಲಲ್ರೀ!"

"ಹೂಂ ಅನ್ನಾಕ ತುಟಿ ಯಾಕ ತಗೀಬೇಕ?" ಎಂದ ದುಂಡಪ್ಪ. "ನಾ ಹೂಂ ಅನ್ನೂದಿಲ್ಲ ಅಂತ ನೀ ಒಂದೆರಡ ಸಲ ಜಗಳಾ ತಗದಿದ್ದಿ. ಅಂದೇನಲ್ಲ ಅಂದ್ನಿ. ಸುಳ್ಳ ಹೇಳಬ್ಯಾಡ್ರಿ ಅಂದಿ. ಹ್ವಾದ್ರ ಹೋಗ್ಲಿ ಅಂತ ಸುಮ್ಮನಾದ್ನಿ. ಅನ್ನೂದೇನ ಬಿಡಲಿಲ್ಲ."

ಅಂಬವ್ವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಎರಡರ ನಡುವೆ ಕಣ್ಣೀರೂ ಬಂದು ಸೇರಿಕೊಂಡಿತು. ಓಣಿಯ ಅಷ್ಟೂ ತುಟಿಗಳನ್ನು ಓದಿದವಳು ತಾನು. ತುಟಿ ಮುಚ್ಚಿಕೊಂಡು ಆಡುವ ಮಾತೊಂದಿದೆ ಎಂಬುದೇ ಹೊಳೆದಿರಲಿಲ್ಲ. ಆ ಮಗ್ಗ, ಆ ಹಾಸು, ಎಷ್ಟು ಸಾವಿರ ಗಜ ಅರಿವೆ. ಅದರ ಉದ್ದಕ್ಕೂ ಪಕ್ಕದಲ್ಲೇ ಕುಳಿತು ಈ ಮನುಷ್ಯ ಹೂಂಗುಡುತ್ತಿದ್ದನಲ್ಲ! ಗೋಡೆಗೆ ಲಗ್ನ ಮಾಡಿಕೊಟ್ಟರೆಂದು ಅಪ್ಪನನ್ನು ಅದೆಷ್ಟು ಸಲ ಬೈದಿದ್ದಳು.

"ಸುಂದ್ರವ್ವಾ!" ಎಂದು ಅಂಗಳಕ್ಕೆ ಕೇಳುವಂತೆ ಕೂಗಿದಳು. "ಏ ಸುಂದ್ರೀ, ನಮ್ಮ ಗ್ವಾಡಿ ಮಾತಾಡ್ತೈತಿ ಯವ್ವಾ! ಮೊದಲಿಂದ್ಲೂ ಮಾತಾಡ್ತಿತ್ತಂತ!"

"ಹಂಗಾರ ಅರ್ಧಾ ಬೆಲಿಗೆ ಕೊಡೂದಿಲ್ಲೇನ?" ಎಂದು ಆಚೆಯಿಂದ ಉತ್ತರ ಬಂತು.

"ಇನ್ನ ಮ್ಯಾಲ ಮಾರಾಟಕ್ಕಿಲ್ಲ!"

ಮೇದಿನಿ ಹೆಡ್‌ಫೋನು ತೆಗೆದಿಟ್ಟು ಕಣ್ಣೊರೆಸಿಕೊಂಡಳು. ಬಾಸಿಂಗದಲ್ಲಿ ದೋಷವೇನೂ ಇರಲಿಲ್ಲ. ಅಂಬವ್ವ ಮೊದಲು ಏನು ಕೇಳಬೇಕೆಂದು ಬಯಸಿದ್ದಳೋ, ಅವಳ ಕಿವಿ ಅದನ್ನೇ ಕೇಳಿತ್ತು. ಕೇಳಿ ಅಂಜಿಕೊಂಡಿತ್ತು, ಅಷ್ಟೆ.

"ಅಮ್ಮಾ, ನಾನಿನ್ನು ಹೊರಡ್ತೀನಿ," ಎಂದು ಚೀಲ ಎತ್ತಿಕೊಂಡಳು.

"ಎಲ್ಲಿ ಹೊಂಟಿ? ಸಣ್ಣ ಸೊಸಿ ಇನ್ನೂ ನೀರಿಗೆ ಹೋಗಿ ನಿಂತಾಳ. ಕುಂದ್ರ ಸುಮ್ನ." ಅಂಬವ್ವ ಸೆರಗು ಸಿಕ್ಕಿಸಿಕೊಂಡು, ಕಾಲು ಚಾಚಿ, ಗಂಡನಿಗೆ ಎದುರಾಗಿ ನೆಟ್ಟಗೆ ಕುಳಿತಳು. "ಕೇಳ್ರಿ. ಬಾವಿ ಕಟ್ಟಿ ಮ್ಯಾಲ ಒಂದ ಹಾವು ಹೆಡಿ ಬಿಚ್ಚಿಕೊಂಡು ಕುಂತಿತ್ತು."

"ಹೂಂ," ಎಂದ ದುಂಡಪ್ಪ.

ಕಥೆ ಬಾವಿಗಿಳಿಯಿತು, ಪಾತಾಳಕ್ಕೆ ಹೋಯಿತು, ನಾಗರಾಜನ ಮನೆಯ ಮದುವೆ ಊಟಕ್ಕೆ ಕುಳಿತಿತು. ಹೊರಗೆ ಮಧ್ಯಾಹ್ನ ಏರಿತು. ಅಂಬವ್ವನಿಗೆ ಹೊತ್ತಿನ ಪರಿವೆಯೇ ಇರಲಿಲ್ಲ. ಬೆಳಗ್ಗೆ ಬರಿಯ ಚಹಾ ಕುಡಿದು ಬಂದಿದ್ದ ಮೇದಿನಿಯ ಹೊಟ್ಟೆ ಚುರುಗುಡುತ್ತಿತ್ತು. ಕಥೆಯ ನಡುವೆ ಏಳಲು ಮನಸ್ಸಾಗದೆ ಅವಳು ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತೇ ಇದ್ದಳು.

ದುಂಡಪ್ಪ ಅದನ್ನು ನೋಡಿದ. ಕಂಡಿಕಿಯನ್ನು ಕೆಳಗಿಟ್ಟ. ಮೇದಿನಿಯ ಕಡೆ ತಿರುಗಿ, ಇನ್ನು ಸ್ವಲ್ಪ ಹೊತ್ತು ನೀನು ನೋಡಿಕೋ ಎಂಬಂತೆ ಹುಬ್ಬು ಹಾರಿಸಿದ. ಅವಳಿಗೆ ಅರ್ಥವಾಯಿತು.

"ನಾಗರಾಜನ ಮಗಳು ಏನ ಅಂದ್ಲು ಗೊತ್ತೇನು?" ಎಂದಳು ಅಂಬವ್ವ.

"ಹೂಂ," ಎಂದಳು ಮೇದಿನಿ.

ದುಂಡಪ್ಪ ಹೆಜ್ಜೆಯ ಸಪ್ಪಳವಾಗದಂತೆ ಒಳಗೆ ಹೋದ. ಅಷ್ಟೇ ಮೆಲ್ಲಗೆ ಹೊರಗೆ ಬಂದಾಗ ಅವನ ಕೈಯಲ್ಲಿ ತಾಟು ಇತ್ತು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಪಕ್ಕದಲ್ಲೊಂದು ಮೊಸರಿನ ಬಟ್ಟಲು. ಅದನ್ನು ಮೇದಿನಿಯ ಎರಡೂ ಕೈಗೆ ಕೊಟ್ಟು, ತನ್ನ ಜಾಗಕ್ಕೆ ಹೋಗಿ ಕುಳಿತುಕೊಂಡ.